ಮುಂದಿನ ಕೋಣೆಯ ಕಿಂಡಿ

ಅಡುಗೆಮನೆ

ಆ ದಿನವೂ ಎಲ್ಲರಿಗಿಂತ ಮೊದಲು ನಾನೇ ಎದ್ದೆ. ಎರಡು ಜೊತೆ ಕಾಲುಚೀಲ, ಸೀರೆಯ ಮೇಲೆ ತಂಗಿಯ ಗಂಡನ ಹಳೆಯ ಉಣ್ಣೆಯ ಕೋಟು, ಕಿವಿಗೆ ಸ್ಕಾರ್ಫು. ಕನ್ನಡಿ ನೋಡುವ ಧೈರ್ಯ ಮಾಡಲಿಲ್ಲ. ಬೀದಿ ಬಾಗಿಲು ತೆಗೆದು ಹೊಸ್ತಿಲ ಮೇಲಿನ ಹಾಲಿನ ಬಾಟಲಿಗಳನ್ನು ಒಳಗೆ ತಂದೆ. ಹಾಲು ಚಳಿಗೆ ಗಡ್ಡೆಕಟ್ಟಿ ಬಾಟಲಿಯ ಕುತ್ತಿಗೆಯಿಂದ ಒಂದು ಬೆರಳಷ್ಟು ಮೇಲೆದ್ದು ನಿಂತಿತ್ತು. ಅದರ ತಲೆಯ ಮೇಲೆ ಬೆಳ್ಳಿ ಬಣ್ಣದ ಮುಚ್ಚಳ, ಕುಂಚಿಗೆ ಹಾಕಿದ ಕೂಸಿನ ಹಾಗೆ.

ಬೆಟಗೇರಿಯ ನಮ್ಮ ಮನೆಯಲ್ಲಾದರೆ ಬೆಳಗಿನ ಮೊದಲ ಕೆಲಸ ಬಚ್ಚಲಿನ ಬಂಬಿಗೆ ಉರಿ ಹಾಕುವುದು. ತಾಮ್ರದ ದೊಡ್ಡ ಹೊಟ್ಟೆಯೊಳಗೆ ನೀರು, ನಡುವಿನ ಕೊಳವೆಯಲ್ಲಿ ಕೆಂಡ, ಕೆಳಗೆ ಬೂದಿ. ವಾರಕ್ಕೊಮ್ಮೆ ಬೂದಿ ಜಾಡಿಸಬೇಕು, ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಇಲ್ಲಿ, ಬ್ರಾಡ್‌ಫರ್ಡಿನಲ್ಲಿ, ನಲ್ಲಿ ತಿರುವಿದರೆ ಬಿಸಿನೀರು ಬರುತ್ತದೆ. ಎಲ್ಲಿ ಕಾಯಿತು, ಯಾರು ಕಾಯಿಸಿದರು, ಒಂದೂ ಕಾಣುವುದಿಲ್ಲ. ಕೈಗೆ ಕೆಲಸವಿಲ್ಲದೆ ಮೊದಲ ವಾರ ನಾನು ಬಚ್ಚಲಿನಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದೆ.

ಅಜವಾನದ ನೀರು ಕುದಿಸಿದೆ. ಅಂಟಿನುಂಡೆಯೊಂದನ್ನು ತಟ್ಟೆಗಿಟ್ಟೆ. ಅದನ್ನು ಹಿಡಿದು ಬೀದಿ ಬದಿಯ ಮುಂದಿನ ಕೋಣೆಗೆ ಹೋದೆ. ಅದು ಬಾಣಂತಿಯ ಕೋಣೆ. ನನ್ನ ತಂಗಿ ಶಕ್ಕು, ಅವಳ ಪಕ್ಕದ ತೊಟ್ಟಿಲಲ್ಲಿ ಹದಿನಾರು ದಿನದ ಹೆಣ್ಣುಕೂಸು. ಗುಂಡಿ ಒತ್ತಿ ತಿರುವಿ ಗ್ಯಾಸಿನ ಒಲೆ ಹೊತ್ತಿಸಿದೆ. ಹಳೆಯ ಕಲ್ಲಿದ್ದಲಿನ ಒಲೆಯ ಗೂಡಿನಲ್ಲಿ ಕೂರಿಸಿದ ಬೆಚ್ಚಗಿನ ಯಂತ್ರ ಅದು; ಅಡಿಯಲ್ಲಿ ಜ್ವಾಲೆ, ಮೇಲೆ ಸುಣ್ಣದಂಥ ಬಿಳಿಯ ಜಾಲರಿ. ಜಾಲರಿ ಕೆಂಪಾಗಿ ಕೋಣೆಗೆ ಕಾವು ಕೊಡುತ್ತದೆ, ಹೊಗೆ ಹಿಂದಿನ ಚಿಮಣಿಯಿಂದ ಹೊರಹೋಗುತ್ತದೆ. ನಾನು ಬಂದಾಗ ಅದರ ಉರಿ ನೀಲಿಯಾಗಿತ್ತು. ಮೂರು ದಿನದಿಂದ ಹಳದಿಯಾಗಿ, ತುದಿ ಬಳುಕುತ್ತ, ನಮ್ಮ ಕಟ್ಟಿಗೆ ಒಲೆಯ ಉರಿಯ ಹಾಗೆ ಕಾಣುತ್ತಿತ್ತು. ನೀಲಿ ಉರಿಯನ್ನು ಕಂಡರೆ ನನಗೆ ತಣ್ಣಗೆ ಅನ್ನಿಸುತ್ತಿತ್ತು. ಹಳದಿಯಾದದ್ದು ನೋಡಿ ಸಮಾಧಾನವಾಗಿತ್ತು.

ಒಲೆಯ ಮೇಲಿನ ಹಲಗೆಯಲ್ಲಿ ದೇವರ ಪಟ. ಊದುಬತ್ತಿ ಹಚ್ಚಿದೆ. ಬಂದ ಹೊಸತರಲ್ಲಿ ಅದರ ಹೊಗೆ ಒಲೆಯ ಕಡೆಗೆ ಬಾಗಿ ಚಿಮಣಿಯೊಳಗೆ ಜಾರಿಹೋಗುತ್ತಿತ್ತು. ದೇವರಿಗೆ ಮುಟ್ಟುವ ಮೊದಲೇ ಒಲೆಗೆ ನೈವೇದ್ಯ ಆಗುತ್ತೈತಿ ಎಂದು ಶಕ್ಕು ನಗುತ್ತಿದ್ದಳು. ಆ ಬೆಳಿಗ್ಗೆ ಹೊಗೆ ನನ್ನ ಮುಖಕ್ಕೇ ಬಂತು. ಅದನ್ನು ನೋಡಿದೆ. ನೋಡಿ, ಕಣ್ಣೊರೆಸಿಕೊಂಡು, ಮುಂದಿನ ಕೆಲಸಕ್ಕೆ ಹೋದೆ.

"ಅಕ್ಕಾ, ತಲಿ ಇವತ್ತೂ ಹಿಡದೈತಿ ನೋಡ," ಎಂದಳು ಶಕ್ಕು.

"ಬಾಣಂತಿ ತಲಿ ಹಂಗ ಇರ್ತೈತಿ. ಸ್ಕಾರ್ಫ್ ಬಿಗದ್ ಕಟ್ಕೋ."

"ನೀ ಅವ್ವಗಿಂತ ಒಂದ್ ಕೈ ಮ್ಯಾಲ."

ಕೂಸು ಮಲಗಿತ್ತು. ಕೆನ್ನೆಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಮೂರು ದಿನದಿಂದ ಅದು ಅತ್ತೇ ಇರಲಿಲ್ಲ, ಎಬ್ಬಿಸಿ ಮೊಲೆಗೆ ಹಚ್ಚಿದರೂ ಎರಡು ಗುಟುಕಿಗೆ ಮತ್ತೆ ನಿದ್ದೆ. ನನ್ನ ಆರೈಕೆ ಹತ್ತಿತು ಎಂದುಕೊಂಡಿದ್ದೆ. ಗೋಡೆಯ ಬುಡದ ಕಿಂಡಿಯಲ್ಲಿ ತುರುಕಿದ್ದ ಬಟ್ಟೆ ಜಾಲರಿಯಿಂದ ಇಣುಕಿದ್ದಲ್ಲಿ ಬೆರಳಿನಿಂದ ಇನ್ನೊಂದಿಷ್ಟು ಒಳಗೆ ಒತ್ತಿದೆ.

ಶಕ್ಕುವಿನ ಗಂಡ ವಿಠ್ಠಲ ಮಿಲ್ಲಿಗೆ ಹೊರಟವನು ಬಾಗಿಲಲ್ಲಿ ನಿಂತು, "ಅಕ್ಕಾರ, ಇವತ್ತು ಗ್ಯಾಸಿನಾಂವ ಬರ್ತಾನ್ರಿ, ದೊಡ್ಡ ಹೀಟರ್ ಹಾಕಾಕ ಅಳತಿ ತಗೊಳ್ಳಾಕ. ನೀವು ಹೇಳೀರಿ ಅಂತ ಕರಿಸೀನಿ," ಎಂದ. ಹೌದು, ಈ ಒಲೆ ಸಾಲದು, ಇದಕ್ಕಿಂತ ದೊಡ್ಡದು ಬೇಕು ಎಂದು ಹಟ ಹಿಡಿದವಳು ನಾನೇ.

ಗದಗ ಸ್ಟೇಷನ್

ನಾನು ಆ ದೇಶಕ್ಕೆ ಹೋದದ್ದು ಊರು ನೋಡಲಿಕ್ಕಲ್ಲ, ಬಾಣಂತನ ಮಾಡಲಿಕ್ಕೆ. ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡೇ ಇಬ್ಬರು ಹೆಣ್ಣುಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದ. ಶಕ್ಕುವಿನ ಗಂಡ ಜವಳಿ ಡಿಪ್ಲೊಮಾ ಮಾಡಿ ಬ್ರಾಡ್‌ಫರ್ಡಿನ ಉಣ್ಣೆ ಮಿಲ್ಲಿಗೆ ಸೇರಿದ್ದ. ಮದುವೆಯಾಗಿ ಆರು ವರ್ಷ. ಮೊದಲ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಏಳು ತಿಂಗಳು ದಾಟಿದಾಗ ಅವ್ವನಿಗೆ ಮಂಡಿನೋವು, ಹೋಗಲಾರಳು, ಹಾಗಾಗಿ ನಾನು. ನನ್ನ ಇಬ್ಬರು ಮಕ್ಕಳನ್ನು ಅತ್ತೆಯ ಬಳಿ ಬಿಟ್ಟೆ.

ರೈಲಿನ ಕಿಟಕಿಯ ಸರಳು ಹಿಡಿದು ಅವ್ವ ಹೇಳಿದ್ದು ಒಂದೇ ಮಾತು: "ತಾಯಿಗೂ ಕೂಸಿಗೂ ಗಾಳಿ ತಾಗಲಾರದ್ಹಂಗ ನೋಡ್ಕೋ. ಇದೊಂದು ಉಳೀಬೇಕು."

"ಆತವ್ವಾ," ಎಂದೆ.

ನಮ್ಮ ಕಡೆ ಬಾಣಂತಿಯ ಕೋಣೆ ಎಂದರೆ ಏನೆಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆಯ ಸೀರೆ ತುರುಕಿ, ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು, ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿ ಕಾವು ಕೊಡುವುದು. ನನ್ನ ಎರಡು ಹೆರಿಗೆಯೂ ಲಕ್ಷ್ಮೇಶ್ವರದ ಅಜ್ಜಿಯ ಮನೆಯಲ್ಲಿ ಹಾಗೆಯೇ ಆದವು. ಆ ಮನೆಗೆ ಮಣ್ಣಿನ ಮಾಳಿಗೆ, ಮೊಳದಗಲದ ಗೋಡೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸುವುದು, ಬೇಸಗೆಯಲ್ಲಿ ಬಾಗಿಲಿಗೆ ನೆನೆಸಿದ ಗೋಣಿತಟ್ಟು ಕಟ್ಟುವುದು, ಚಳಿಗೆ ಬೆಳಕಿಂಡಿಯ ಮೇಲೆ ಗಡಿಗೆ ಬೋರಲು ಹಾಕುವುದು, ಎಲ್ಲವೂ ಅಜ್ಜಿಯದೇ ಉಸ್ತುವಾರಿ. ಮನೆ ತಣ್ಣಗಿರಬೇಕಾದಾಗ ತಣ್ಣಗೆ, ಬೆಚ್ಚಗಿರಬೇಕಾದಾಗ ಬೆಚ್ಚಗೆ ಇರುತ್ತಿತ್ತು. ಅದೊಂದು ವಿದ್ಯೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ವಿಮಾನ

ಮೀರಜಿನಲ್ಲಿ ಗಾಡಿ ಬದಲಿಸಿ ಮುಂಬಯಿ ತಲುಪಿ, ಅಲ್ಲಿಂದ ವಿಮಾನ. ಕುರ್ಚಿಯ ಮೇಲಿನ ಒಂದು ಸಣ್ಣ ತೂತಿನಿಂದ ನೆತ್ತಿಗೆ ಸೂಜಿಯಂಥ ತಣ್ಣನೆಯ ಗಾಳಿ. ಸ್ವಲ್ಪ ಹೊತ್ತು ತಡೆದುಕೊಂಡು, ಎದ್ದು ನಿಂತು, ಕರವಸ್ತ್ರವನ್ನು ಉಂಡೆ ಮಾಡಿ ಆ ತೂತಿಗೆ ತುರುಕಿದೆ. ಕರವಸ್ತ್ರ ನಿಲ್ಲದೆ ಪಕ್ಕದ ಗುಜರಾತಿ ಹಿರಿಯರ ಚಹಾದ ಕಪ್ಪಿಗೇ ಬಿತ್ತು. ಗಗನಸಖಿ ಬಂದು ನಗುತ್ತ ತೂತನ್ನು ಒಂದು ಸುತ್ತು ತಿರುವಿದಳು, ಗಾಳಿ ನಿಂತಿತು. ತೂತಿಗೂ ಒಂದು ತಿರುಪು ಇರುತ್ತದೆಂದು ನನಗೇನು ಗೊತ್ತು? ಆ ಹಿರಿಯರು ಚಹಾದಿಂದ ಕರವಸ್ತ್ರ ಎತ್ತಿ, ಹಿಂಡಿ, ಬಹಳ ಮರ್ಯಾದೆಯಿಂದ ನನಗೆ ವಾಪಸು ಕೊಟ್ಟರು.

ಲಂಡನ್ನಿನಲ್ಲಿ ಅಧಿಕಾರಿಯೊಬ್ಬ ನನ್ನ ಚೀಲದ ಅಜವಾನವನ್ನು ಮೂಸಿ, ಅಂಟಿನುಂಡೆಯನ್ನು ಬಡಿದು ನೋಡಿ, ಇದು ಏನು ಎಂದು ಕೇಳಿದ. "ಹೆತ್ತ ತಾಯಂದಿರಿಗೆ ಶಕ್ತಿ" ಎಂದು ಕಾನ್ವೆಂಟಿನ ಶುದ್ಧ ಇಂಗ್ಲಿಷಿನಲ್ಲಿ ಹೇಳಿದೆ. ಅವನು ತನ್ನ ಹೆಂಡತಿಗೂ ಒಂದು ಬೇಕಾಗಿತ್ತು ಎಂದ. ತಮಾಷೆಯೋ ಖರೆಯೋ ತಿಳಿಯದೆ ಒಂದು ಉಂಡೆ ಕೊಟ್ಟೆ. ಅವನು ಕೆಂಪಗಾಗಿ ಚೀಲ ಮುಚ್ಚಿದ.

ಬ್ರಾಡ್‌ಫರ್ಡ್

ಮಸಿ ಹಿಡಿದ ಕಲ್ಲಿನ ಮನೆಗಳು, ಒಂದಕ್ಕೊಂದು ಗೋಡೆ ಅಂಟಿಸಿಕೊಂಡು, ಬೆಟಗೇರಿಯ ನೇಕಾರರ ಓಣಿಯ ಹಾಗೆಯೇ. ಮಗ್ಗದ ಸಪ್ಪಳ ಮಾತ್ರ ಮನೆಯಲ್ಲಿಲ್ಲ, ದೂರದ ಮಿಲ್ಲಿನಲ್ಲಿ.

ಅಲ್ಲಿಯ ಇಂಗ್ಲಿಷು ನಮ್ಮ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಲ್ಲ. ಅರ್ಧ ಅಕ್ಷರ ನುಂಗುತ್ತಾರೆ, ಉಳಿದದ್ದನ್ನು ಎಳೆಯುತ್ತಾರೆ. ಮೈಸೂರಿನವರಿಗೆ ನಮ್ಮ ಮಾತು ಹೇಗೋ, ಲಂಡನ್ನಿನವರಿಗೆ ಇವರದ್ದು ಹಾಗೆ ಎಂದ ವಿಠ್ಠಲ. ಮೊದಲ ದಿನ ಬ್ರೆಡ್ಡು ಕೊಡುವ ಮುದುಕ ನನ್ನನ್ನು "ಲವ್" ಎಂದು ಕರೆದ. ನಾನು ಬ್ರೆಡ್ಡು ಬಿಟ್ಟು ಮನೆಗೆ ಬಂದೆ. ಶಕ್ಕು ಹೊಟ್ಟೆ ಹಿಡಿದು ನಕ್ಕು, "ಅಕ್ಕಾ, ಇಲ್ಲೆ ಎಲ್ಲಾ ಹೆಣ್ಮಕ್ಕಳಿಗೂ ಹಂಗ ಅಂತಾರ. ನಮ್ಮ ಕಡೆ ಯವ್ವಾ ಅಂತಾರಲ್ಲ, ಹಂಗ," ಎಂದಳು. ಅಂದಿನಿಂದ ಅವರ ಮಾತೆಲ್ಲ ನನ್ನ ಕಿವಿಗೆ ನಮ್ಮ ಮಾತಿನಂತೆಯೇ ಕೇಳತೊಡಗಿತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮನೆಯ ಕೋಣೆಕೋಣೆಗೆ ಬಿಸಿನೀರು ಓಡುವ ಕಬ್ಬಿಣದ ಪಟ್ಟಿಗಳು. ವರ್ಷಕ್ಕೊಮ್ಮೆ ಒಬ್ಬ ಮನುಷ್ಯ ಪೆಟ್ಟಿಗೆ ಹಿಡಿದು ಬಂದು ಅವನ್ನೂ ಒಲೆಯನ್ನೂ ನೋಡಿ, ಚೀಟಿ ಅಂಟಿಸಿ ಹೋಗುತ್ತಾನಂತೆ. ನಮ್ಮಲ್ಲಿ ಮನೆ ಬೆಚ್ಚಗಿಡುವುದು ಹೆಂಗಸರ ಕೈಕೆಲಸ. ಇಲ್ಲಿ ಅದು ಒಂದು ಉದ್ಯೋಗ. ಮನೆಯೊಡತಿಗೆ ಗುಂಡಿ ತಿರುವುವುದಷ್ಟೇ ಗೊತ್ತು.

ಕೂಸು ಐದು ವಾರ ಮೊದಲೇ ಹುಟ್ಟಿತು. ಒಂದು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಬೆಚ್ಚಗಿಡಿ, ಅದೊಂದೇ ಔಷಧ ಎಂದು ಹೇಳಿ ಕಳಿಸಿದರು. ಮೆಟ್ಟಿಲು ಹತ್ತುವುದು ಬೇಡವೆಂದು ಕೆಳಗಿನ ಮುಂದಿನ ಕೋಣೆಯಲ್ಲೇ ಮಂಚ ಹಾಕಿದೆವು. ಶೇಗಡಿ ಇಡಬೇಕೆಂದು ನಾನು ಕೇಳಿದೆ. ವಿಠ್ಠಲ ಕೈಮುಗಿದ: "ಅಕ್ಕಾರ, ಮನಿ ಸುಟ್ಟೀತ್ರಿ." ಆಯಿತು, ಗ್ಯಾಸಿನ ಒಲೆಯೇ ನನ್ನ ಶೇಗಡಿ ಎಂದುಕೊಂಡೆ. ಹಗಲೆಲ್ಲ ಅದನ್ನು ಉರಿಸುವುದು, ಮಲಗುವಾಗ ಆರಿಸಿ ಬಿಸಿನೀರಿನ ರಬ್ಬರು ಚೀಲಗಳನ್ನು ಇಡುವುದು.

ಆಗ ಕೂಸು ಗಟ್ಟಿಯಾಗಿಯೇ ಅಳುತ್ತಿತ್ತು. ಗೋಡೆಯಾಚೆಯ ಮನೆಯ ಮುದುಕಿ ಮಿಸೆಸ್ ಕ್ಲೆಗ್ ಒಮ್ಮೆ ಹಿತ್ತಲ ಗೋಡೆಯ ಮೇಲಿನಿಂದ, "ನಿಮ್ಮ ಕೂಸು ನನ್ನ ರೇಡಿಯೋಕ್ಕಿಂತ ಜೋರ ಐತಲ್ಲವ್ವಾ," ಎಂದಿದ್ದಳು. ನನಗೆ ನಾಚಿಕೆಯಾಗಿತ್ತು.

ಮೂರು ದಿನ

ಆಮೇಲೆ ಉತ್ತರದ ಗಾಳಿ ಶುರುವಾಯಿತು. ಮುಂದಿನ ಕೋಣೆಯಲ್ಲಿ ಮಂಚದ ಹತ್ತಿರ ಕೂತರೆ ಪಾದಕ್ಕೆ ತಣ್ಣನೆಯ ನಾಲಿಗೆ ಹಚ್ಚಿದ ಹಾಗೆ ಅನ್ನಿಸುತ್ತಿತ್ತು. ಹುಡುಕಿದೆ. ಗೋಡೆಯ ಬುಡದಲ್ಲಿ, ಕಾಗದ ಅಂಟಿಸಿದ ಕಡೆ, ಅಂಗೈಯಗಲದ ಒಂದು ಜಾಲರಿ. ಅದರ ಹಿಂದೆ ನೇರ ಹೊರಗಿನ ಗಾಳಿ. ಇಷ್ಟು ಶಾಣ್ಯಾ ಜನ, ಇಷ್ಟು ಖರ್ಚು ಮಾಡಿ ಕೋಣೆ ಕಾಯಿಸಿ, ಗೋಡೆಯಲ್ಲಿ ತೂತು ಬಿಟ್ಟಿದ್ದಾರಲ್ಲ ಎಂದು ನನಗೆ ನಗು ಬಂತು.

ಅವ್ವ ಕೂಸಿಗೆ ಹಾಸಲು ಕಳಿಸಿದ್ದ ಹಳೆಯ ಇಳಕಲ್ ಸೀರೆಯ ಒಂದು ಉದ್ದನೆಯ ತುಂಡಿತ್ತು. ಜಾಲರಿಯ ತಿರುಪು ಬಿಚ್ಚಿ, ಸೀರೆಯನ್ನು ಮಡಚಿ ಮಡಚಿ ತುರುಕಿ, ಮತ್ತೆ ತಿರುಪು ಹಾಕಿದೆ. ಕಿಟಕಿಯ ಸಂದಿಗೆ ಅಂಟುಪಟ್ಟಿ, ಬಾಗಿಲಿನ ಕೆಳಗೆ ಸುರುಳಿ ಸುತ್ತಿದ ಟವೆಲು. ಸಂಜೆ ವಿಠ್ಠಲ ಬಂದು ನೋಡಿ, "ಅಗದೀ ನಮ್ಮ ಮನಿಗತೆ ಆತ್ರಿ," ಎಂದ. ಕೋಣೆ ನಿಜಕ್ಕೂ ಬೆಚ್ಚಗಾಯಿತು. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಇಳಿಯತೊಡಗಿತು. ಕೂಸಿನ ಅಳು ನಿಂತಿತು.

ಹೊರಗೆ ಇನ್ನೂ ಚಳಿ ಏರುತ್ತಿತ್ತು. ಇದೂ ಸಾಲದೇನೋ ಎಂಬ ಭಯಕ್ಕೆ ದೊಡ್ಡ ಹೀಟರಿನ ಹಟ ಹಿಡಿದೆ.

ಪೆಟ್ಟಿಗೆಯ ಮನುಷ್ಯ

ಅವನು ಹನ್ನೊಂದರ ಸುಮಾರಿಗೆ ಬಂದ. ಐವತ್ತು ದಾಟಿದವನು, ಹೆಸರು ಆರ್ಥರ್. ಬೂಟು ಬಿಚ್ಚಲಿಲ್ಲ, ಆದರೆ ತನ್ನದೇ ಒಂದು ಬಟ್ಟೆಯನ್ನು ತಂದು ಒಲೆಯ ಮುಂದೆ ಹಾಸಿ, ಅದರ ಮೇಲೆ ಮಂಡಿಯೂರಿದ. ಹಾಗೆ ಹಾಸಿದ್ದು ನನಗೆ ಹಿಡಿಸಿತು. ಬಂದಾಗಿನಿಂದ ಚಳಿಯ ಬಗ್ಗೆ, ಹೆಂಡತಿಯ ಬೆಕ್ಕಿನ ಬಗ್ಗೆ ಮಾತಾಡುತ್ತಲೇ ಇದ್ದ. ಕಿಟಕಿಯಲ್ಲಿ ಇಳಿಯುವ ನೀರು ನೋಡಿದ. ಒಲೆ ನೋಡಿದ. ಮಾತು ನಿಂತಿತು.

"ಯವ್ವಾ, ಉರಿ ಯಾವಾಗಿಂದ ಹಿಂಗ ಹಳದಿ ಐತಿ?"

"ಮೂರು ದಿನ ಆತ್ರಿ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. "ಮೊದಲ ಬರೇ ನೀಲಿ ಇತ್ತು."

ಅವನು ಪೆಟ್ಟಿಗೆಯಿಂದ ಹೊಗೆ ಬಿಡುವ ಒಂದು ಕಡ್ಡಿ ತೆಗೆದು ಹಚ್ಚಿ ಒಲೆಯ ಮೇಲಂಚಿಗೆ ಹಿಡಿದ. ಹೊಗೆ ಚಿಮಣಿಗೆ ಹೋಗಲಿಲ್ಲ, ಕೋಣೆಯೊಳಕ್ಕೇ ಉರುಳಿತು. ನನ್ನ ಊದುಬತ್ತಿಯ ಹಾಗೆಯೇ. ಅವನು ತಕ್ಷಣ ಒಲೆ ಆರಿಸಿದ. ಮಂಡಿಯ ಮೇಲೆಯೇ ತಿರುಗಿ ಗೋಡೆಯ ಬುಡ ನೋಡಿ, ಎರಡು ತಿರುಪು ಬಿಚ್ಚಿ, ಎಳೆದ. ಸೀರೆ ಬಂತು. ಕೆಂಪು ಸೆರಗು, ಆಮೇಲೆ ಕಪ್ಪು ಒಡಲು, ಅಂಚು, ಮತ್ತೆ ಒಡಲು. ಜಾದೂಗಾರನ ಹಾಗೆ ಕೈ ಮೇಲೆ ಕೈ ಹಾಕಿ ಎಳೆಯುತ್ತಲೇ ಇದ್ದ. ಶಕ್ಕು ನಕ್ಕಳು. ಅವನು ನಗಲಿಲ್ಲ.

"ಯಾರಿಗೆ ತಲಿ ನೋವೈತಿ?"

ಶಕ್ಕು ಶಾಲೆಯಲ್ಲಿ ಎತ್ತಿದಂತೆ ಕೈ ಎತ್ತಿದಳು.

"ಕೂಸು?"

"ಕೂಸು ಭಾಳ ಶಾಣ್ಯಾ ಐತ್ರಿ," ಎಂದೆ ನಾನು. "ಮೂರು ದಿನದಿಂದ ಅತ್ತೇ ಇಲ್ಲ."

ಆ ಮಾತು ಮುಗಿಯುವ ಮೊದಲೇ ಅವನು ಎದ್ದಿದ್ದ. ತೊಟ್ಟಿಲಿಗೆ ಕೈ ಹಾಕಿ, ಕೌದಿ ಸಮೇತ ಕೂಸನ್ನು ಎತ್ತಿಕೊಂಡು, ಬಾಗಿಲು ಒದ್ದು ತೆರೆದು ಬೀದಿಗೆ ನಡೆದ. ಹದಿನಾರು ದಿನದ ಕೂಸು, ಬೀದಿಯಲ್ಲಿ ಮಂಜು, ಅಪರಿಚಿತ ಗಂಡಸು. ನನ್ನ ಬಾಯಿಂದ ಇಂಗ್ಲಿಷು ಹೊರಡಲೇ ಇಲ್ಲ. "ಗಾಳ್ಯಾಗ ಒಯ್ಯಬ್ಯಾಡ್ರೀ! ಕೂಸಿಗೆ ಗಾಳಿ ತಾಗತೈತ್ರೀ!" ಎಂದು ಕೂಗುತ್ತ ಅವನ ಹಿಂದೆ ಬರೀ ಕಾಲುಚೀಲದಲ್ಲೇ ಓಡಿದೆ.

ಕನ್ನಡ ಅವನಿಗೆ ಹೇಗೆ ತಿಳಿಯಬೇಕು? ಆದರೆ ಅವ್ವನ ಮಾತನ್ನು ಒದರುವ ಹೆಂಗಸಿನ ಮುಖ ನೋಡಿದರೆ ಯಾವ ಭಾಷೆಯವನಿಗೂ ತಿಳಿಯುತ್ತದೇನೋ. "ಗಾಳಿನ ಬೇಕಾಗೇತಿ ಇದಕ್ಕ," ಎಂದ. "ನಿಮ್ಮ ತಂಗೀನ್ನೂ ಹೊರಗ ಕರ್ರಿ. ಜಲ್ದಿ."

ಶಕ್ಕು ಗೋಡೆ ಹಿಡಿದು ಬಂದು ಹೊಸ್ತಿಲಲ್ಲಿ ಕುಸಿದು ಕೂತಳು. ನನ್ನ ಕೋಟು ಅವಳಿಗೆ ಹೊದಿಸಿದೆ. ಆರ್ಥರ್ ಕೂಸಿನ ಅಂಗಾಲಿಗೆ ಬೆರಳಿನಿಂದ ಟಕ್ ಟಕ್ ಎಂದು ಹೊಡೆಯುತ್ತಿದ್ದ. ಕೂಸು ಏಳಲಿಲ್ಲ. ಮತ್ತೆ ಹೊಡೆದ. ಅದರ ಮೂಗಿನ ತುದಿಗೆ ಒಂದು ಮಂಜಿನ ಹಳಕು ಬಿದ್ದು ಕರಗಿದ್ದು ನನಗೆ ಈಗಲೂ ಕಾಣುತ್ತದೆ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು.

"ಹಾಂ, ಅಳು ತಾಯಿ, ಅಳು," ಎಂದ ಅವನು.

ಅವನ ವ್ಯಾನಿನಲ್ಲಿ ಪೈಪುಗಳ ನಡುವೆ ಕೂತು ಆಸ್ಪತ್ರೆಗೆ ಹೋದೆವು. ಕಿಟಕಿಗಳೆಲ್ಲ ತೆರೆದೇ ಇದ್ದವು. ಬಾಣಂತಿಯ ಸ್ಕಾರ್ಫು ಗಾಳಿಗೆ ಹಾರಿ ಹೋಯಿತು. ಯಾರೂ ಅದನ್ನು ಹಿಡಿಯಲಿಲ್ಲ.

ಆಸ್ಪತ್ರೆಯ ಬೆಂಚು

ತಾಯಿಗೂ ಕೂಸಿಗೂ ಮುಖಕ್ಕೆ ಮುಚ್ಚಳ ಹಾಕಿ ಗಾಳಿ ಕೊಟ್ಟರು. ರಕ್ತ ತೆಗೆದರು. ಬಾಗಿಲು ಮುಚ್ಚಿತು. ನಾನು ಮತ್ತು ಆರ್ಥರ್ ಹೊರಗಿನ ಬೆಂಚಿನ ಮೇಲೆ. ನನ್ನ ಕಾಲಿಗೆ ಯಾರದೋ ದೊಡ್ಡ ಚಪ್ಪಲಿ ಬಂದಿತ್ತು; ನರ್ಸ್ ಕೊಟ್ಟಿರಬೇಕು.

ಅವನು ತನ್ನ ಪುಸ್ತಕದಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದ. ಒಲೆ, ಚಿಮಣಿ, ಗೋಡೆಯ ಕಿಂಡಿ. ಕಿಂಡಿಯಿಂದ ಒಲೆಗೆ ಒಂದು ಬಾಣ, ಒಲೆಯಿಂದ ಚಿಮಣಿಗೆ ಇನ್ನೊಂದು.

"ಬೆಂಕಿಗೂ ಉಸರು ಬೇಕವ್ವಾ. ಹೊರಗಿಂದ ಬರೂದು ಬಂದ್ ಮಾಡಿದ್ರ, ಅದು ಕೋಣಿಯೊಳಗಿಂದು ತಿಂತೈತಿ. ಅದೂ ಸಾಲಲಿಲ್ಲಂದ್ರ ಉರಿ ಹಳದಿ ಆಗ್ತೈತಿ, ಒಂದು ವಿಷದ ಗಾಳಿ ಬಿಡ್ತೈತಿ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಬರೇ ನಿದ್ದಿ ಬರ್ತೈತಿ."

"ಆ ಬಟ್ಟಿ ತುರುಕಿದಾಕಿ ನಾನ," ಎಂದೆ. ಅವನಿಗೆ ಅದು ಗೊತ್ತೇ ಇತ್ತು. ಆದರೂ ಹೇಳಬೇಕಿತ್ತು.

ಅವನು ಟೋಪಿಯನ್ನು ತಿರುಗಿಸುತ್ತ, "ಚಿಮಣಿಯೊಳಗೂ ಏನರ ಬಿದ್ದಿರತೈತಿ. ಹಕ್ಕಿ ಗೂಡು ಕಟ್ಟಿರತಾವು. ನಿಮ್ಮದೊಂದ ತಪ್ಪಲ್ಲ," ಎಂದ. ಬೀಗದ ಕೈ ಇಸಿದುಕೊಂಡು, ಒಲೆ ಸರಿಮಾಡಲು ಮನೆಗೆ ಹೋದ.

ಒಬ್ಬಳೇ ಕೂತೆ. ಕಾನ್ವೆಂಟಿನಲ್ಲಿ ಆರೋಗ್ಯದ ಪಾಠವಿತ್ತು. ಎದುರು ಬದುರು ಕಿಟಕಿಗಳಿರುವ ಕೋಣೆಯ ಚಿತ್ರ ಬರೆದು, ಬಾಣ ಹಾಕಿ, ಗಾಳಿ ಹೇಗೆ ಓಡಾಡಬೇಕೆಂದು ಬರೆದು ವರ್ಗಕ್ಕೇ ಮೊದಲು ಬಂದಿದ್ದೆ. ಆರ್ಥರ್ ಬರೆದದ್ದು ಆ ಚಿತ್ರವೇ. ಪರೀಕ್ಷೆಯ ಕಾಗದದಲ್ಲಿ ಬರೆದದ್ದು ಬಾಣಂತಿಯ ಕೋಣೆಗೆ ಅನ್ವಯಿಸುತ್ತದೆಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಅದು ಇಂಗ್ಲಿಷ್ ಕೋಣೆ, ಇದು ಅವ್ವನ ಕೋಣೆ.

ಹಾಗಾದರೆ ಲಕ್ಷ್ಮೇಶ್ವರದಲ್ಲಿ ನಾನು, ನನ್ನ ಮಕ್ಕಳು ಹೇಗೆ ಬದುಕಿದೆವು? ಅಜ್ಜಿಯ ಕೈಗಳನ್ನು ನೆನಪಿಸಿಕೊಂಡೆ. ಶೇಗಡಿಯನ್ನು ಅಂಗಳದಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಪೂರಾ ಕೆಂಪಾದ ಮೇಲೆ ಬೂದಿ ಮುಚ್ಚಿ ಒಳಗೆ ತರುತ್ತಿದ್ದಳು. ಕಾವು ಕೊಟ್ಟು ಮುಗಿದೊಡನೆ ಹೊರಗೆ ಒಯ್ಯುತ್ತಿದ್ದಳು. ಬೆಳಕಿಂಡಿಯ ಮೇಲಿನ ಗಡಿಗೆ ಪೂರಾ ಕೂತಿರುತ್ತಿರಲಿಲ್ಲ. ಅದರ ಅಂಚಿನ ಕೆಳಗೆ ಒಂದು ಹರಳು ಇಟ್ಟು ಬೆರಳು ಹೋಗುವಷ್ಟು ಸಂದಿ ಬಿಟ್ಟಿರುತ್ತಿದ್ದಳು. "ಚಳಿ ಬರ್ತೈತಿ, ಪೂರಾ ಮುಚ್ಚಬೇ," ಎಂದು ನಾನು ಹೊರಸಿನಿಂದ ಗೊಣಗಿದರೆ, "ಸುಮ್ ಮಲಕ್ಕೋ, ನಿನಗೇನ್ ತಿಳೀತೈತಿ," ಎನ್ನುತ್ತಿದ್ದಳು. ಯಾಕೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಚ್ಚಿದ್ದೆಲ್ಲ ನನ್ನ ನೆನಪಿನಲ್ಲಿ ಉಳಿಯಿತು. ಬಿಟ್ಟ ಸಂದಿ ಉಳಿಯಲಿಲ್ಲ.

ಇನ್ನೊಂದು ನೆನಪೂ ಬಂತು. ನಾನು ಒಂಬತ್ತು ಹತ್ತು ವರ್ಷದವಳಿದ್ದಾಗ ಮುಂಡರಗಿಯ ಸೋದರತ್ತೆಯ ಮನೆಯಲ್ಲಿ ಒಂದು ಕೂಸು ಮಲಗಿದ್ದು ಏಳಲಿಲ್ಲ. ಹೊಸದಾಗಿ ಗಿಲಾವು ಮಾಡಿಸಿದ, ಮೇಲೆ ಆರ್‌ಸಿಸಿ ಹಾಕಿಸಿದ ಮನೆ, ಬೆಳಕಿಂಡಿ ಇರಲಿಲ್ಲ. ಗಾಳಿ ಬಡಿಯಿತು ಎಂದರು. ಎಲ್ಲಿಂದ ಬಂತು ಗಾಳಿ, ಎಲ್ಲಾ ಮುಚ್ಚೇವಲ್ಲ ಎಂದು ಅತ್ತೆ ಎದೆ ಬಡಿದುಕೊಂಡು ಕೇಳುತ್ತಿದ್ದಳು. ಮುಂದಿನ ಹೆರಿಗೆಗೆ ಇನ್ನೂ ಬಿಗಿಯಾಗಿ ಮುಚ್ಚಿದರು. ಅಲ್ಲಿ ಆದದ್ದೇನೆಂದು ನನಗೆ ಗೊತ್ತಿಲ್ಲ, ಈಗ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅತ್ತೆಯ ಆ ಪ್ರಶ್ನೆ ಆ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಬಂದು ಕೂತಿತು.

ವಿಠ್ಠಲ ಮಿಲ್ಲಿನಿಂದ ಓಡಿ ಬಂದ. ಕೋಟಿನ ಮೇಲೆಲ್ಲ ಉಣ್ಣೆಯ ಎಳೆ. ಬೈಯಲಿ ಎಂದು ಕಾದೆ. ಅವನು ಪಕ್ಕದಲ್ಲಿ ಕೂತು, "ನಾನೂ ನೋಡಿದ್ನಲ್ರಿ ಅಕ್ಕಾರ. ನಮ್ಮ ಮನಿಗತೆ ಆತು ಅಂದಾಂವ ನಾನ," ಎಂದ.

ನಾಲ್ಕರ ಸುಮಾರಿಗೆ ಡಾಕ್ಟರು ಬಂದರು. ರಕ್ತದಲ್ಲಿನ ವಿಷ ಇಳಿದಿದೆ, ಕೂಸು ಹಾಲು ಕುಡಿಯಿತು, ಮನೆಗೆ ಹೋಗಬಹುದು, ನಾಳೆ ಮತ್ತೆ ತನ್ನಿ ಎಂದರು. ಇನ್ನೂ ಒಂದು ದಿನ ಹೀಗೆ ನಡೆದಿದ್ದರೆ ಎಂದು ನಾನು ಕೇಳಹೊರಟೆ. ಅವರು ನನ್ನ ಕಾಲಿನ ದೊಡ್ಡ ಚಪ್ಪಲಿ ನೋಡುತ್ತ, ನೀವು ಸ್ವಲ್ಪ ಚಹಾ ಕುಡಿಯಿರಿ ಎಂದರು.

ಹಿತ್ತಲು

ಮನೆಗೆ ಬಂದಾಗ ಮುಂದಿನ ಕೋಣೆ ಗುಡಿಸಿದಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ಒಂದು ಬಕೆಟ್ಟಿನ ತುಂಬ ಚಿಮಣಿಯಿಂದ ತೆಗೆದ ಕಸ: ಇಟ್ಟಿಗೆಯ ಚೂರು, ಮಸಿ, ಹಕ್ಕಿಗೂಡಿನ ಕಡ್ಡಿಗಳು. ಅದನ್ನು ಅವನು ಎಸೆಯದೆ ನನಗೆ ಕಾಣುವಂತೆ ಇಟ್ಟದ್ದು ನನ್ನ ಭಾರ ಇಳಿಸಲಿಕ್ಕೇ ಎಂದು ಈಗಲೂ ನಂಬಿದ್ದೇನೆ. ಒಲೆಗೆ ಆ ದಿನದ ಚೀಟಿ ಅಂಟಿಸಿದ್ದ. ದೊಡ್ಡ ಹೀಟರ್ ಬೇಕಿಲ್ಲ, ಈ ಒಲೆಗೆ ಏನೂ ಆಗಿಲ್ಲ ಎಂದು ಒಂದು ಸಾಲು ಬರೆದಿಟ್ಟಿದ್ದ. ಅವ್ವನ ಸೀರೆಯ ತುಂಡು ಕುರ್ಚಿಯ ಮೇಲೆ, ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ.

ವಿಠ್ಠಲ ಒಲೆ ಹೊತ್ತಿಸಿದ. ಉರಿ ನೀಲಿ. ನಾನು ಊದುಬತ್ತಿ ಹಚ್ಚಿದೆ. ಮೂವರೂ ಉಸಿರು ಹಿಡಿದು ಹೊಗೆಯನ್ನೇ ನೋಡಿದೆವು. ಅದು ಒಂದು ಗಳಿಗೆ ನೆಟ್ಟಗೆ ನಿಂತು, ಆಮೇಲೆ ಬಾಗಿ, ಒಲೆಯ ಅಂಚಿನೊಳಗೆ ಜಾರಿಹೋಯಿತು. ಅಂದಿನಿಂದ ನಾನು ಅಲ್ಲಿದ್ದಷ್ಟು ದಿನವೂ ಬೆಳಗಿನ ಊದುಬತ್ತಿಯನ್ನು ಒಲೆ ಹೊತ್ತಿಸಿದ ಮೇಲೆಯೇ ಹಚ್ಚಿ, ಹೊಗೆ ಹೋಗುವ ದಾರಿ ನೋಡಿಯೇ ಕೈಮುಗಿಯುತ್ತಿದ್ದೆ. ಪಾದಕ್ಕೆ ಆ ತಣ್ಣನೆಯ ನಾಲಿಗೆ ಮತ್ತೆ ತಾಗುತ್ತಿತ್ತು. ಶಕ್ಕುವಿಗೆ ಇನ್ನೊಂದು ಜೊತೆ ಕಾಲುಚೀಲ ಹಾಕಿದೆ, ತೊಟ್ಟಿಲನ್ನು ಕಿಂಡಿಯ ಗಾಳಿ ಸೀದಾ ಬೀಸದ ಮೂಲೆಗೆ ಸರಿಸಿದೆ. ಮಾಡಬೇಕಿದ್ದದ್ದು ಅಷ್ಟೇ ಆಗಿತ್ತು.

ಬೆಳಿಗ್ಗೆ ಒಣಹಾಕಿದ್ದ ಕೂಸಿನ ಬಟ್ಟೆಗಳ ನೆನಪಾಗಿ ಹಿತ್ತಲಿಗೆ ಹೋದೆ. ಅವು ಹಗ್ಗದ ಮೇಲೆ ಹಪ್ಪಳದ ಹಾಗೆ ಸೆಟೆದು ನಿಂತಿದ್ದವು. ಮಡಚಿದರೆ ಮುರಿಯುತ್ತವೇನೋ ಎಂದು ಒಂದೊಂದನ್ನೇ ಕೈಯಲ್ಲಿ ಪೇರಿಸಿಕೊಳ್ಳುತ್ತಿದ್ದೆ. ಒಳಗಿನಿಂದ ಕೂಸಿನ ಅಳು ಶುರುವಾಯಿತು. ಬೆಕ್ಕಿನ ದನಿಯಲ್ಲ, ಪೂರಾ ಗಂಟಲಿನ ಅಳು. ಬಟ್ಟೆ ಹಿಡಿದುಕೊಂಡು ನಿಂತು ಕೇಳಿದೆ.

ಪಕ್ಕದ ಹಿತ್ತಲಿನಲ್ಲಿ ಮಿಸೆಸ್ ಕ್ಲೆಗ್ ತನ್ನ ಕಲ್ಲಿದ್ದಲಿನ ಬೂದಿ ಚೆಲ್ಲಲು ಬಂದಿದ್ದಳು. ದಿನವಿಡೀ ಮಗಳ ಮನೆಯಲ್ಲಿದ್ದು ಆಗಷ್ಟೇ ಬಂದವಳು. ನಮ್ಮ ಮನೆಯಲ್ಲಿ ಏನಾಯಿತೆಂದು ಅವಳಿಗೆ ಖಬರಿರಲಿಲ್ಲ. ಬಕೆಟ್ಟು ಕೆಳಗಿಟ್ಟು, ಕೈಯ ಬೂದಿ ಜಾಡಿಸುತ್ತ, ಗೋಡೆಯ ಮೇಲಿನಿಂದ ಹೇಳಿದಳು:

"ಮತ್ತ ಶುರು ಆತೇನವ್ವಾ ರೇಡಿಯೋ? ಮೂರು ದಿನದಿಂದ ಗೋಡಿ ಆಚೆ ಒಂದ್ ಸಪ್ಪಳಿಲ್ಲ. ಮನ್ಯಾಗ ಕೂಸ ಇಲ್ಲೇನೋ ಅನ್ಕೊಂಡಿದ್ನಿ ನಾ."